ತೂಗುಮನೆಯ ಮೂಕಕಲ್ಲು

ತಗ್ಗಿನಕಟ್ಟೆ
ಕಟ್ಟೆ ಹಾಕಿದ ಇನ್ನೂರ ಹನ್ನೊಂದನೆಯ ವರ್ಷ
ಹದಿಮೂರನೆಯ ತಿಂಗಳಾದ ಹದನೀರು, ಹುಣ್ಣಿಮೆಯ ಮಾರನೆಯ ದಿನ

ಹೂಳಿನ ಕೆಳಗಿರುವ ಹಿರಿಯರಿಗೆ ಬಾಳವ್ವ ಮಾಡುವ ಶರಣು.

ನಿಮ್ಮ ಪಂಚಾಂಗದಲ್ಲಿ ಹನ್ನೆರಡೇ ತಿಂಗಳು ಇದ್ದವೆಂದು ಬಲ್ಲೆ. ಅಪರೂಪಕ್ಕೊಮ್ಮೆ ಅಧಿಕಮಾಸ ಬರುತ್ತಿತ್ತಂತೆ. ನಮಗದು ವರ್ಷ ವರ್ಷವೂ ಬರುತ್ತದೆ. ಹೊಳೆ ಪೂರ್ತಿ ಇಳಿಯುವ ತನಕ ವರ್ಷ ಮುಗಿಯಿತೆಂದು ಹೇಳುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇಲ್ಲ. ಅದಕ್ಕೆ ಇಳಿಯುವ ನೀರಿಗೆಂದೇ ಒಂದು ತಿಂಗಳು ಬಿಟ್ಟುಕೊಟ್ಟು ಹದನೀರು ಎಂದು ಹೆಸರಿಟ್ಟಿದ್ದೇವೆ. ತಾರೀಖು ವಿಚಿತ್ರವಾಗಿದ್ದರೆ ಮನ್ನಿಸಿರಿ. ಮಾತೂ ವಿಚಿತ್ರವಾಗಿರಬಹುದು. ನಿಮ್ಮ ಬರವಣಿಗೆಯ ಕನ್ನಡವನ್ನು ನಾನು ಕಲಿತದ್ದು ಪ್ಲಾಸ್ಟಿಕ್ ಚೀಲದೊಳಗೆ ಕೆಡದೆ ಉಳಿದಿದ್ದ ಒಂದು ಪಾಠಪುಸ್ತಕದಿಂದ ಮತ್ತು ಯಾರದೋ ಲಗ್ನಪತ್ರಿಕೆಯಿಂದ. ನಡುವೆ ಎಲ್ಲಾದರೂ ನಿಮ್ಮನ್ನು ಸಕುಟುಂಬ ಸಪರಿವಾರ ಸಮೇತ ಕರೆದಂತೆ ಕೇಳಿಸಿದರೆ ನಕ್ಕು ಸುಮ್ಮನಾಗಿರಿ.

ಈ ಪತ್ರ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳುತ್ತೀರಿ. ಹಿರಿಯರಿಗೆ ಹೇಳಬೇಕಾದ್ದನ್ನು ಗಡಿಗೆಯಲ್ಲಿಟ್ಟು, ಬಾಯಿಗೆ ಮೇಣ ಬಳಿದು, ಹೂಳಿನಲ್ಲಿ ಆಳಕ್ಕೆ ಇಳಿಸುವುದು ನಮ್ಮ ರೂಢಿ. ಪ್ರತಿ ಮಳೆಗಾಲ ಹೊಳೆ ಒಂದು ಪದರ ಹೂಳು ತಂದು ಹಾಸುತ್ತದೆ. ಕೆಳಗೆ ಅಗೆದಷ್ಟೂ ಹಿಂದಿನ ವರ್ಷ. ಇನ್ನೂ ಅಗೆದರೆ ನಿಮ್ಮ ಕಾಲ. ನಿಮ್ಮ ಬಾಟಲಿ, ನಿಮ್ಮ ಚಪ್ಪಲಿ, ನಿಮ್ಮ ಮಕ್ಕಳ ಆಟದ ಗಾಡಿ ಎಲ್ಲವೂ ಅಲ್ಲೇ ಇವೆ. ಹಾಗಾದರೆ ನೀವೂ ಅಲ್ಲೇ ಎಲ್ಲೋ ಇದ್ದೀರಿ ಎಂದು ನಂಬಿದ್ದೇವೆ. ನಂಬಿಕೆ ಸುಳ್ಳಾದರೆ ಹೋಗುವುದು ಒಂದು ಗಡಿಗೆ ಮಾತ್ರ.

ನನಗೆ ಹೆಚ್ಚು ಹೊತ್ತಿಲ್ಲ. ನಾಳೆ ಬೆಳಗಾಗುತ್ತಲೇ ನನ್ನ ಮಾತಿನ ಉಪವಾಸ ಶುರುವಾಗುತ್ತದೆ. ನನ್ನ ಮಗಳು ದುಂಡವ್ವನ ವಿಷಯದಲ್ಲಿ ನಿಮ್ಮಿಂದ ಒಂದು ಉಪಕಾರ ಆಗಬೇಕಾಗಿದೆ. ಈಗಲೇ ಕೇಳಿದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಮೊದಲು ನಡೆದದ್ದನ್ನು ಹೇಳುತ್ತೇನೆ.

ನಿಮ್ಮ ದೊಡ್ಡ ಅಣೆಕಟ್ಟುಗಳು ಒಂದಾದ ಮೇಲೊಂದು ಬಿರಿದು, ಕೃಷ್ಣೆ ಮನಸ್ಸು ಬಂದ ಕಡೆ ಹರಿಯತೊಡಗಿದ ಮೇಲೆ, ಉಳಿದವರು ಒಂಬತ್ತು ಕಡೆ ಮಣ್ಣಿನ ಕಟ್ಟೆ ಹಾಕಿಕೊಂಡು ಅದರ ಬೆನ್ನಿಗೆ ಮನೆ ಮಾಡಿಕೊಂಡರು. ಇಂದಿಗೂ ನಾವು ಊರು ಎನ್ನುವುದಿಲ್ಲ, ಕಟ್ಟೆ ಎನ್ನುತ್ತೇವೆ. ಸಂಜೆ ಒಂದು ಬುಟ್ಟಿ ಮಣ್ಣು ಕಟ್ಟೆಗೆ ಹಾಕದೆ ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ಬಾಣಂತಿಯೂ ಒಂದು ಹಿಡಿಯಾದರೂ ಹಾಕಿಸುತ್ತಾಳೆ. ಮಕ್ಕಳಿಗೆ ಈಜು ಬರುವ ತನಕ ಉಡಿದಾರಕ್ಕೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿದಿರುತ್ತೇವೆ. ಕಟ್ಟೆಯ ಮಗ್ಗುಲ ಹಸಿ ನೆಲದಲ್ಲಿ ನೀರುಜೋಳ ಬೆಳೆಯುತ್ತೇವೆ. ಕುತ್ತಿಗೆಮಟ್ಟ ನೀರಲ್ಲಿ ನಿಂತೂ ತೆನೆ ಬಿಡುವ ಜೋಳ ಅದು. ಹಿಟ್ಟಿಗೆ ಜಿಗಿ ಕಡಿಮೆ, ರೊಟ್ಟಿ ತಟ್ಟುವಾಗ ಬಾಯಿ ಬಿಡುತ್ತದೆ, ಆರಿದರೆ ಚರ್ಮ ಜಗಿದಂತೆ ಆಗುತ್ತದೆ. ಬಿಸಿಯಿದ್ದಾಗಲೇ ಪುಂಡಿಪಲ್ಯದ ಜೊತೆ ತಿನ್ನಬೇಕು. ಮಾಡಿನ ಮೇಲೆ ಪ್ರತಿ ಮನೆಗೂ ಒಂದು ಗಾಳಿದೀಪ ಇರುತ್ತದೆ. ಗಾಳಿಗೆ ಚಕ್ರ ತಿರುಗಿದರೆ ದೀಪ ಉರಿಯುತ್ತದೆ, ಗಾಳಿ ನಿಂತರೆ ಕತ್ತಲಲ್ಲೇ ಕುಳಿತು ಮಾತಾಡುತ್ತೇವೆ. ನಾನು ಆಪು ಎಂಬ ಜೊಂಡುಹುಲ್ಲಿನ ಚಾಪೆ ಹೆಣೆಯುವವಳು. ಮಲಗುವ ಚಾಪೆಯಲ್ಲ, ಕಟ್ಟೆ ಜಿನುಗಿದ ಕಡೆ ಸುತ್ತಿ ತುರುಕುವ ದಪ್ಪ ಚಾಪೆ. ದುಂಡವ್ವ ನನಗೆ ಆಪು ಕೊಯ್ದು ತರುತ್ತಿದ್ದಳು. ಇಪ್ಪತ್ತು ತುಂಬಿತ್ತು, ಗಂಟಲು ದೊಡ್ಡದು, ಹೊಳೆಯ ಆಚೆ ದಂಡೆಯವರ ಜೊತೆ ಈಚೆಯಿಂದಲೇ ಜಗಳ ತೆಗೆಯುತ್ತಿದ್ದಳು.

ಒಂಬತ್ತು ಕಟ್ಟೆಗಳ ಒಕ್ಕೂಟದ ಹಿರಿಯರನ್ನು ನಾವು ಈಗಲೂ ರಾಷ್ಟ್ರಪತಿ ಎಂದೇ ಕರೆಯುತ್ತೇವೆ. ಗಟ್ಟಿ ಕಾಲಿನವರು ಒಂದು ವಾರದಲ್ಲಿ ಸುತ್ತಿ ಬರಬಹುದಾದ ನಾಡಿಗೆ ರಾಷ್ಟ್ರಪತಿಯೇ ಎಂದು ನೀವು ನಗಬಹುದು. ದುಂಡವ್ವನೂ ನಗುತ್ತಿದ್ದಳು. ಮೊದಲಿನವರಿಗೆ ಆ ಶಬ್ದ ಕಿವಿಗೆ ಹಿತವಾಗಿತ್ತು, ಇಟ್ಟುಕೊಂಡರು. ಶಬ್ದದ ಜೊತೆಗೆ ನಿಮ್ಮ ಪದ್ಧತಿಯ ಒಂದು ಎಳೆಯನ್ನೂ ಇಟ್ಟುಕೊಂಡರು. ನಿಮ್ಮಲ್ಲಿ ಜನ ನೇರವಾಗಿ ರಾಷ್ಟ್ರಪತಿಯನ್ನು ಆರಿಸುತ್ತಿರಲಿಲ್ಲವಂತೆ. ಜನ ಆರಿಸಿದವರು ಕೂಡಿ ಆರಿಸುತ್ತಿದ್ದರಂತೆ. ಅವರ ಮತಕ್ಕೆ ಎಂದೋ ನಡೆದ ಜನಗಣತಿಯ ಮೇಲೆ ಬೆಲೆ ಕಟ್ಟಿ, ಆಮೇಲೆ ಜನ ಎಷ್ಟು ಬೆಳೆದರೂ ಬಹುಕಾಲ ಆ ಹಳೆಯ ಲೆಕ್ಕವನ್ನೇ ನಡೆಸಿದಿರಂತೆ. ನಾವು ಅದನ್ನೇ ಕಲ್ಲಿನಲ್ಲಿ ಮಾಡಿದೆವು.

ರಾಷ್ಟ್ರಪತಿಯ ಆಯ್ಕೆ ಬಂದಾಗ ಪ್ರತಿ ಕಟ್ಟೆಯಲ್ಲಿ ಜನ ಕೈ ಎತ್ತುತ್ತಾರೆ. ಹೆಚ್ಚು ಕೈ ಯಾರ ಕಡೆಗೋ ಆ ಹೆಸರನ್ನು ಹೊತ್ತು ಒಬ್ಬರು ತೂಗುಮನೆಗೆ ಹೋಗುತ್ತಾರೆ. ಅವರನ್ನು ಒಪ್ಪಾಳು ಎನ್ನುತ್ತೇವೆ, ಕಟ್ಟೆಯ ಒಪ್ಪಿಗೆಯನ್ನು ಒಯ್ಯುವ ಆಳು ಎಂದು. ತೂಗುಮನೆಯಲ್ಲಿ ಮನೆಯಷ್ಟೇ ಎತ್ತರದ ಒಂದು ತಕ್ಕಡಿ ಇದೆ. ಗೋಡೆಗುಂಟ ಒಂಬತ್ತು ಕಲ್ಲುಗಳಿವೆ, ಕಟ್ಟೆಗೊಂದು. ಒಪ್ಪಾಳು ತನ್ನ ಕಟ್ಟೆಯ ಕಲ್ಲಿನ ಮುಂದೆ ನಿಂತು ಒಂದು ಹೆಸರು ಹೇಳಿದರೆ, ತೂಗಯ್ಯ ಆ ಕಲ್ಲನ್ನು ಆ ಹೆಸರಿನ ತಟ್ಟೆಗೆ ಎತ್ತಿಸುತ್ತಾನೆ. ತಟ್ಟೆ ಯಾವ ಕಡೆ ವಾಲಿತೋ ಅವರು ರಾಷ್ಟ್ರಪತಿ. ಬೇಸಿಗೆಯಲ್ಲಿ ಒಕ್ಕೂಟದ ಆಳುಗಳೆಲ್ಲ ಯಾವ ಕಟ್ಟೆಗೆ ಮಣ್ಣು ಹೊರಬೇಕು ಎಂದು ಹೇಳುವುದು ಅವರು. ನಮ್ಮ ಪಾಲಿಗೆ ಅದು ಸಣ್ಣ ಮಾತಲ್ಲ, ಅದೇ ಬದುಕು.

ಕಲ್ಲುಗಳನ್ನು ಕಡೆದದ್ದು ಕಟ್ಟೆ ಹಾಕಿದ ವರ್ಷ. ಅಂದು ಎಲ್ಲಿ ಎಷ್ಟು ತಲೆ ಇದ್ದವೋ ಅಷ್ಟು ತೂಕ. ಕೆಂಗಲ್ಲುಕಟ್ಟೆ ಎತ್ತರದಲ್ಲಿತ್ತು, ಜನ ಅಲ್ಲಿಗೇ ಮೊದಲು ಓಡಿದ್ದರು. ಅದರ ಕಲ್ಲು ಒರಳಿನಷ್ಟು ದೊಡ್ಡದು. ನಮ್ಮ ತಗ್ಗಿನಕಟ್ಟೆಯಲ್ಲಿ ಆಗ ಇದ್ದದ್ದು ನಾಲ್ಕಾರು ಅಂಬಿಗರ ಮನೆ. ನಮ್ಮ ಕಲ್ಲು ಬೆಳವಲ ಕಾಯಿಯಷ್ಟು. ಆಮೇಲೆ ಕೆಂಗಲ್ಲುಕಟ್ಟೆಯವರು ತಮ್ಮ ಗಟ್ಟಿಮುಟ್ಟಾದ ಮಕ್ಕಳನ್ನು ಉಳಿದ ಕಟ್ಟೆಗಳನ್ನು ಎಬ್ಬಿಸಲು ಕಳಿಸಿಕೊಟ್ಟರು. ಕೊಟ್ಟವರ ತೂಕ ಕೊಟ್ಟದ್ದಕ್ಕಾಗಿ ಇಳಿಯಬಾರದು ಎಂದು, ಕಲ್ಲುಗಳನ್ನು ಇನ್ನು ಯಾರೂ ಕಡೆಯಕೂಡದೆಂದು ಕಟ್ಟಳೆ ಮಾಡಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಅದನ್ನು ನೆನೆದರೆ ಸಿಟ್ಟು ಮಾಡಲೂ ಆಗುವುದಿಲ್ಲ. ಕಟ್ಟಳೆ ಬದಲಿಸಬೇಕಾದರೆ ಒಂಬತ್ತೂ ಕಲ್ಲು ಒಪ್ಪಬೇಕು, ಅಂದರೆ ಭಾರದ ಕಲ್ಲಿನವರು ತಾವಾಗಿ ಹಗುರಾಗಲು ಒಪ್ಪಬೇಕು. ನಿಮ್ಮ ಕಾಲದಲ್ಲಿ ಅಂಥವರು ಇದ್ದರೇನೋ, ನಮ್ಮಲ್ಲಿ ಹುಟ್ಟಿಲ್ಲ.

ವರ್ಷ ಕಳೆದಂತೆ ಕೆಂಗಲ್ಲುಕಟ್ಟೆಯ ಬಾವಿಗಳು ಬತ್ತಿದವು. ಜನ ಒಬ್ಬೊಬ್ಬರಾಗಿ ಇಳಿದು ನಮ್ಮ ತಗ್ಗಿಗೆ ಬಂದರು. ನನ್ನ ತಾಯಿಯೂ ಹಾಗೆ ಬಂದವಳೇ. ತಗ್ಗಿನಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮನೆಗಳಾದವು. ಕಲ್ಲು ಮಾತ್ರ ಬೆಳವಲ ಕಾಯಿಯಷ್ಟೇ ಉಳಿಯಿತು. ಮೇಲೆ ಕೆಂಗಲ್ಲುಕಟ್ಟೆಯಲ್ಲಿ ಕಡೆಗೆ ಉಳಿದದ್ದು ನನ್ನ ದೊಡ್ಡವ್ವ ಅಡಿವೆವ್ವ ಒಬ್ಬಳೇ. ಗಂಡ ಹೋಗಿ ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಮಳೆನೀರಿನ ತೊಟ್ಟಿ ಒಬ್ಬಳಿಗೆ ಮತ್ತು ನಾಲ್ಕು ಆಡಿಗೆ ಸಾಲುತ್ತಿತ್ತು. ಹೀಗೆ ಒಂಬತ್ತು ಕಲ್ಲುಗಳಲ್ಲಿ ಎಲ್ಲಕ್ಕಿಂತ ಭಾರದ ಕಲ್ಲು ಒಬ್ಬ ಮುದುಕಿಯ ಕೈಗೆ ಬಂತು. ಕೈ ಎತ್ತುವವಳೂ ಅವಳೇ, ಎಣಿಸುವವಳೂ ಅವಳೇ, ಒಪ್ಪಾಳೂ ಅವಳೇ.

ದೊಡ್ಡವ್ವನನ್ನು ದುಂಡವ್ವ ಆಯಿ ಎನ್ನುತ್ತಿದ್ದಳು, ಅವಳನ್ನು ಕಾಡುವುದೆಂದರೆ ಪ್ರಾಣ. "ಆಯಿ, ಇಡೀ ಕಟ್ಟ್ಯಾಗ ನೀ ಒಬ್ಬಾಕೀನ ಇದ್ದಿ. ಜಗಳಾ ಯಾರ ಜೋಡಿ ಆಡ್ತಿ?" ಎಂದು ಕೇಳುತ್ತಿದ್ದಳು.

"ಆಡಿನ ಜೋಡಿ," ಎನ್ನುತ್ತಿದ್ದಳು ದೊಡ್ಡವ್ವ. "ನಿಮ್ಮ ಮುತ್ತ್ಯಾನಕಿಂತ ಅವಕ್ಕ ಹೆಚ್ಚು ತಿಳೀತದ."

ನಾನು ಹೇಳುತ್ತಿರುವ ಆಯ್ಕೆಯಲ್ಲಿ ಇಬ್ಬರು ನಿಂತಿದ್ದರು. ಒಬ್ಬರು ಆಗಲೇ ರಾಷ್ಟ್ರಪತಿಯಾಗಿದ್ದ ಮಾನಪ್ಪನವರು. ಕೆಟ್ಟವರೇನಲ್ಲ, ತಮ್ಮ ಕಡೆಯ ಕಾಲುವೆಗಳ ಮೇಲೆ ಪ್ರೀತಿ ಹೆಚ್ಚು, ಆಳುಗಳೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಇನ್ನೊಬ್ಬರು ಹುಸೇನವ್ವ. ನಮ್ಮ ಕಟ್ಟೆಯ ಮೂಡಣ ಮಗ್ಗುಲು ಎರಡು ಮಳೆಗಾಲದಿಂದ ಜಿನುಗುತ್ತಿತ್ತು. ಚಾಪೆ ತುರುಕಿ ತುರುಕಿ ನನ್ನ ಬೆರಳಿನ ಚರ್ಮ ಸುಲಿದಿತ್ತು. ಒಕ್ಕೂಟದ ಆಳು ಒಂದು ಬೇಸಿಗೆ ಬಂದು ಕೆಂಗಲ್ಲು ಕಟ್ಟದಿದ್ದರೆ ಅದು ನಿಲ್ಲುವುದಿಲ್ಲವೆಂದು ನೋಡಿದವರಿಗೆಲ್ಲ ಗೊತ್ತಿತ್ತು. ಹುಸೇನವ್ವ ಬಂದು, ಆ ಒದ್ದೆ ಮಣ್ಣಿಗೆ ಕೈಯಿಟ್ಟು ನೋಡಿ, ಮೊದಲ ಬೇಸಿಗೆ ನಿಮಗೇ ಎಂದು ಮಾತು ಕೊಟ್ಟರು. ನಮ್ಮಲ್ಲಿ ಎತ್ತಿದ ಕೈಗಳೆಲ್ಲ ಅವರಿಗೇ. ಒಂಬತ್ತು ಕಟ್ಟೆಗಳ ಕೈಗಳನ್ನೆಲ್ಲ ಕೂಡಿಸಿದರೂ ಅವರಿಗೇ ಹೆಚ್ಚು. ಆದರೆ ತೂಗುಮನೆಯಲ್ಲಿ ಕೈ ತೂಗುವುದಿಲ್ಲ, ಕಲ್ಲು ತೂಗುತ್ತದೆ. ಕೆಲವು ಕಟ್ಟೆಗಳಲ್ಲಿ ಅರ್ಧಕ್ಕರ್ಧ ಮನೆಗಳು ಹುಸೇನವ್ವನ ಕಡೆಗಿದ್ದವು, ಗಂಡ ಒಂದು ಕಡೆ ಹೆಂಡತಿ ಒಂದು ಕಡೆ ಎಂದು ರೊಟ್ಟಿ ಬೇರೆ ಬೇರೆ ಸುಟ್ಟುಕೊಂಡರು. ಆದರೂ ಒಂದು ಕೈ ಕಡಿಮೆಯಾದರೆ ಇಡೀ ಕಲ್ಲು ಮಾನಪ್ಪನವರ ತಟ್ಟೆಗೆ. ಕಲ್ಲನ್ನು ಒಡೆದು ಹಂಚುವಂತಿಲ್ಲ. ಹೀಗಾಗಿ ಎಂಟು ಕಲ್ಲು ಹೇಗೆ ಬಿದ್ದರೂ ಕಡೆಗೆ ಕೆಂಗಲ್ಲುಕಟ್ಟೆಯ ಕಲ್ಲೇ ತೀರ್ಮಾನಿಸುವುದೆಂದು ಎಲ್ಲರಿಗೂ ತಿಳಿದಿತ್ತು.

ಮಾನಪ್ಪನವರ ಕಡೆಯವರು ಶಾಲು ಹೊದಿಸಲು ಬಂದಾಗ ನಾನೂ ದುಂಡವ್ವನೂ ದೊಡ್ಡವ್ವನ ಅಂಗಳದಲ್ಲೇ ಇದ್ದೆವು. ಅವಳು ಶಾಲನ್ನು ಆಡಿನ ಮರಿಗೆ ಹೊದಿಸಿ ಹೇಳಿದಳು: "ಚಳಿ ಇದಕ್ಕ ಐತಿ, ನನಗಿಲ್ಲ. ಕೇಳ್ರಿ, ನನ್ನ ಕಲ್ಲು ಹುಸೇನವ್ವಗ. ತಗ್ಗಿನಾಗ ಇರೋರೆಲ್ಲಾ ನಮ್ಮ ಮಂದೀನ. ಅವರ ಕಟ್ಟಿ ಒಡದ್ರ ನಾ ಇಷ್ಟು ದೊಡ್ಡ ಕಲ್ಲು ತೊಗೊಂಡು ಏನು ಅರೀಲಿ?"

ಬಂದವರು ನಕ್ಕರು. ಮನೆಯಲ್ಲಿ ಆಡಿದ ಮಾತು ಮಾತಲ್ಲ, ಕಲ್ಲಿನ ಮುಂದೆ ಆಡಿದ್ದೇ ಮಾತು ಎಂಬುದು ಅವರಿಗೆ ಗೊತ್ತಿತ್ತು.

ಇನ್ನು ಮಾತಿನ ಉಪವಾಸದ ವಿಷಯ. ಮೊದಮೊದಲು ಒಪ್ಪಾಳುಗಳನ್ನು ದಾರಿಯಲ್ಲಿ ಕಂಡವರೆಲ್ಲ ಕರೆದು, ಕುಡಿಸಿ, ನಂಟಸ್ತಿಕೆ ತೆಗೆದು ಮಾತು ತಿರುಗಿಸುತ್ತಿದ್ದರಂತೆ. ಒಬ್ಬನಂತೂ ಕಲ್ಲಿನ ಮುಂದೆ ನಿಂತು, ಆಯ್ಕೆಗೇ ನಿಲ್ಲದ ತನ್ನ ಭಾವಮೈದುನನ ಹೆಸರು ಹೇಳಿಬಿಟ್ಟನಂತೆ. ಅದಕ್ಕೆ ಹಿರಿಯರು ಒಂದು ಕಟ್ಟು ಹಾಕಿದರು. ಒಪ್ಪಾಳು ಹೊಸ್ತಿಲು ದಾಟಿದ ಗಳಿಗೆಯಿಂದ ಕಲ್ಲಿನ ಮುಂದೆ ನಿಲ್ಲುವ ತನಕ ಒಂದು ಮಾತೂ ಆಡಕೂಡದು. ಬಾಯಿಗೆ ಬಿಳಿ ಅರಿವೆ ಕಟ್ಟಿಕೊಳ್ಳಬೇಕು. ಉಣ್ಣುವಾಗ ಬಿಚ್ಚಬಹುದು, ಆದರೆ ಎಲ್ಲರಿಗೂ ಬೆನ್ನು ಮಾಡಿ ಕೂತು ಉಣ್ಣಬೇಕು. ಕಲ್ಲಿನ ಮುಂದೆ ಹೆಸರು ಬರದಿದ್ದರೆ ಅದು ಮೂಕಕಲ್ಲು. ಮೂಕಕಲ್ಲನ್ನು ಗಾದಿಯ ಮೇಲಿರುವವರ ತಟ್ಟೆಗೆ ಹಾಕಬೇಕು. ಮಾತಾಡದವರು ಇದ್ದುದರಲ್ಲಿ ಸುಖವಾಗಿದ್ದಾರೆ ಎಂದು ತಿಳಿಯಬೇಕಂತೆ. ಒಬ್ಬ ಒಪ್ಪಾಳಿಗೆ ಬಿಕ್ಕಳಿಕೆ ಹತ್ತಿ ಹೆಸರು ಹೊರಡದೆ ಅವನ ಕಟ್ಟೆ ಮೂಕವಾದದ್ದುಂಟು. ಅದನ್ನು ನಾವು ನಗೆಯ ಕತೆಯಾಗಿ ಮಕ್ಕಳಿಗೆ ಹೇಳುತ್ತಿದ್ದೆವು. ಈಗ ಹೇಳುವುದಿಲ್ಲ.

ದೊಡ್ಡವ್ವ ಅರಿವೆ ಕಟ್ಟಿಕೊಂಡು ಹೊರಟಳು. ಅವಳ ಕಾಲಿನ ನಡಿಗೆಗೆ ದಾರಿ ಕೆಲವು ದಿನಗಳದ್ದು. ನಾನೂ ದುಂಡವ್ವನೂ ಜೊತೆಗೆ ಹೋದೆವು, ಒಂದು ಆಡೂ ಬಂತು. ಮಾತಾಡದ ಮುದುಕಿಯನ್ನು ಮಾತಾಡಿಸುವುದರಲ್ಲಿ ದುಂಡವ್ವನಿಗೆ ಬಲು ಹಿಗ್ಗು. ಒಮ್ಮೆ ದೊಡ್ಡವ್ವ ನಗು ತಡೆಯಲಾರದೆ ಅರಿವೆಯೊಳಗೇ ಉಸಿರು ಬಿಡುತ್ತ ಕೋಲಿನಿಂದ ಅವಳ ಕಾಲಿಗೆ ಮೆಲ್ಲಗೆ ಹೊಡೆದಳು. ಅದು ಅವಳು ಬಲಗೈಯಿಂದ ಹೊಡೆದದ್ದು. ಮಾರನೆಯ ಬೆಳಗ್ಗೆ ಎದ್ದಾಗ ಕೋಲು ಎಡಗೈಗೆ ಬಂದಿತ್ತು. ಬೆನ್ನು ಮಾಡಿ ಕೂತು ಬುತ್ತಿ ಉಣ್ಣುವಾಗ ರೊಟ್ಟಿ ಕೈಯಿಂದ ಜಾರಿತು. ಅದನ್ನು ಎಡಗೈಯಿಂದ ಎತ್ತಿಕೊಂಡಳು. "ಆಯಿ, ಎಡಗೈಲೆ ಉಣ್ಣಾಕ ಹತ್ತೀದಿ? ದಾರಿ ನಡದು ಬುದ್ಧಿ ಸವೀತೇನು?" ಎಂದು ದುಂಡವ್ವ ಚೇಷ್ಟೆ ಮಾಡಿದಳು. ದೊಡ್ಡವ್ವ ತಿರುಗಿ ನೋಡಿದಳು. ಕಣ್ಣಲ್ಲಿ ನೀರಿತ್ತು. ದಣಿದಿದ್ದಾಳೆ ಎಂದುಕೊಂಡೆವು. ಲಕ್ವ ಹೊಡೆದು ಬಾಯಿ ಒಂದು ಕಡೆ ಎಳೆದದ್ದು ಅರಿವೆಯ ಒಳಗಿತ್ತು. ನಾಲಗೆ ಬಿದ್ದುಹೋದದ್ದು ಉಪವಾಸದ ಒಳಗಿತ್ತು. ಮಾತಾಡಬಾರದೆಂದು ಸುಮ್ಮನಿರುವವಳಿಗೂ ಮಾತಾಡಲಾರದೆ ಸುಮ್ಮನಿರುವವಳಿಗೂ ಹೊರಗಿನಿಂದ ಏನು ಭೇದ ಕಾಣುತ್ತದೆ? ಅವಳು ಮಾತ್ರ ಬಲಗಾಲು ಎಳೆಯುತ್ತ ನಡೆದೇ ನಡೆದಳು.

ತೂಗುಮನೆಯಲ್ಲಿ ಉಳಿದ ಎಂಟು ಕಲ್ಲುಗಳು ಆಗಲೇ ತಟ್ಟೆ ಸೇರಿದ್ದವು. ತಕ್ಕಡಿಯ ಕೋಲು ಹೆಚ್ಚು ಕಡಿಮೆ ಸಮವಾಗಿ ನಿಂತಿತ್ತು. ತೂಗಯ್ಯ ಕೆಂಗಲ್ಲುಕಟ್ಟೆಯೆಂದು ಕೂಗಿದ. ದೊಡ್ಡವ್ವ ಒರಳಿನಂಥ ಆ ಕಲ್ಲಿನ ಮುಂದೆ ನಿಂತು ಎಡಗೈಯಿಂದ ಅರಿವೆ ಬಿಚ್ಚಿದಳು. ಆಗಲೇ ನಾವು ಅವಳ ಬಾಯಿಯನ್ನು ಕಂಡದ್ದು. ಅವಳು ಬಾಯಿ ತೆರೆದಳು. ಉಸಿರು ಬಂತು, ಜೊಲ್ಲು ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದಳು. ಆಮೇಲೆ ಎಡಗೈ ಎತ್ತಿ ಹುಸೇನವ್ವನ ತಟ್ಟೆಯನ್ನು ತೋರಿಸಿದಳು. ಬೆರಳು ನಡುಗಲಿಲ್ಲ. ಇಡೀ ತೂಗುಮನೆ ನೋಡಿತು.

"ಕೈ ನೋಡ್ರಿ! ನಮ್ಮ ಆಯಿ ಕೈ ನೋಡ್ರಿ!" ಎಂದು ದುಂಡವ್ವ ಕೂಗಿದಳು. "ಕಣ್ಣ ಮುಂದ ತೋರಸಾಕತ್ತಾಳ, ಇನ್ನ ಯಾವ ಮಾತು ಬೇಕ್ರಿ ನಿಮಗ?"

ಒಪ್ಪಾಳಲ್ಲದವರು ಅಲ್ಲಿ ದನಿ ಎತ್ತುವಂತಿಲ್ಲ. ಇಬ್ಬರು ಬಂದು ಅವಳನ್ನು ಹೊರಗೆ ಕರೆದೊಯ್ದರು. ಹೊರಗೆ ನಿಂತೂ ಅವಳು ಕೂಗುತ್ತಲೇ ಇದ್ದಳು. ಒಳಗೆ ಹಿರಿಯರು ಕೂಡಿ ಮಾತಾಡಿಕೊಂಡರು. ಬೆರಳು ಮಾತಲ್ಲ ಎಂದರು ಕೆಲವರು. ಬೆರಳನ್ನೇ ಮಾತೆಂದು ಹಿಡಿದರೂ ತೋರಿಸಿದ್ದು ಎಡಗೈ, ಶುಭಕ್ಕೆ ಎಡಗೈ ನಡೆಯುವುದಿಲ್ಲ ಎಂದರು ಇನ್ನು ಕೆಲವರು. ಅಡಿವೆವ್ವನ ಮನಸ್ಸು ಏನೆಂಬುದರ ಬಗ್ಗೆ ಒಬ್ಬರಿಗೂ ಅನುಮಾನ ಇರಲಿಲ್ಲ. ಮಾತಾಡಿದ್ದೆಲ್ಲ ಕಟ್ಟಳೆಯ ಬಗ್ಗೆಯೇ. ತೂಗಯ್ಯ ಕಣ್ಣೊರೆಸಿಕೊಳ್ಳುತ್ತ ಮೂಕಕಲ್ಲು ಎಂದು ಕೂಗಿದ. ಆಳುಗಳು ಕಲ್ಲನ್ನು ಎತ್ತಿ ಮಾನಪ್ಪನವರ ತಟ್ಟೆಯಲ್ಲಿಟ್ಟರು. ತಟ್ಟೆ ನೆಲಕ್ಕೆ ತಾಗಿತು. ದೊಡ್ಡವ್ವ ಎತ್ತಿದ ಕೈ ಇಳಿಸಿರಲಿಲ್ಲ. ನಾನು ಹೋಗಿ ಇಳಿಸಿದೆ.

ಮಾನಪ್ಪನವರು ಎದ್ದು ಬಂದು ಅವಳ ಕಾಲು ಮುಟ್ಟಿದರು. "ನಾ ಏನು ಮಾಡ್ಲಿ ಯವ್ವಾ, ಕಟ್ಟಳಿ ಹಂಗೈತಿ," ಎಂದರು. ನಿಜವಾಗಿಯೂ ನೊಂದುಕೊಂಡಿದ್ದರು. ನೊಂದುಕೊಂಡೇ ಆ ಬೇಸಿಗೆ ಆಳುಗಳನ್ನೆಲ್ಲ ತಮ್ಮ ಕಾಲುವೆಗೆ ಕಳಿಸಿದರು.

ದೊಡ್ಡವ್ವನನ್ನು ನಮ್ಮ ಮನೆಗೇ ಕರೆತಂದೆವು. ಮೂಡಣ ಮಗ್ಗುಲಿನಲ್ಲೇ ನಮ್ಮ ಮನೆ. ದುಂಡವ್ವ ಅವಳಿಗೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಅವಳ ಪಾಲಿನ ಮಾತನ್ನೂ ತಾನೇ ಆಡಿ ತಾನೇ ಜಗಳವಾಡಿ ನಗಿಸುತ್ತಿದ್ದಳು. ಬೇಸಿಗೆ ಪೂರ್ತಿ ನಾವು ಕಟ್ಟೆಯವರೇ ಬುಟ್ಟಿ ಹೊತ್ತೆವು. ನಮ್ಮ ಬುಟ್ಟಿಯಿಂದ ಆಗುವ ಕೆಲಸವಾಗಿರಲಿಲ್ಲ ಅದು. ಮಳೆಗಾಲದ ನಡುವೆ ಒಂದು ಮಧ್ಯಾಹ್ನ, ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು, ಮಗ್ಗುಲು ಕುಸಿಯತೊಡಗಿತು. ನಾನು ಕಟ್ಟೆಯ ಮೇಲೆ ಚಾಪೆ ತುರುಕುವವರ ಜೊತೆಗಿದ್ದೆ. ದುಂಡವ್ವನೂ ನನ್ನ ಪಕ್ಕದಲ್ಲೇ ಇದ್ದಳು. "ಯವ್ವಾ, ಆಯಿ ಒಬ್ಬಾಕಿ ಅದಾಳ," ಎಂದಳು. ಅಷ್ಟು ಹೇಳಿ ಚಾಪೆ ನನ್ನ ಕೈಗಿತ್ತು ಕೆಳಗೆ ಓಡಿದಳು. ಅವಳ ಬೆನ್ನು ಕಂಡೆ, ಮನೆಯ ಬಾಗಿಲಲ್ಲಿ ಅವಳು ಬಗ್ಗಿದ್ದು ಕಂಡೆ. ಆಮೇಲೆ ನೀರು ಕಂಡೆ.

ಆ ಮಧ್ಯಾಹ್ನ ನಮ್ಮ ಕಟ್ಟೆಯ ಬಹಳ ಮನೆಗಳಲ್ಲಿ ಹೀಗೇ ಆಯಿತು. ನನ್ನ ಸಂಕಟ ಎಲ್ಲರ ಸಂಕಟಕ್ಕಿಂತ ದೊಡ್ಡದೆಂದು ಹೇಳುವುದಿಲ್ಲ. ನೀರು ಇಳಿದ ಮೇಲೆ ದೊಡ್ಡವ್ವ ಸಿಕ್ಕಳು. ದುಂಡವ್ವ ಸಿಗಲಿಲ್ಲ.

ನೀರಲ್ಲಿ ಹೋಗಿ ಸಿಗದವರಿಗೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊತ್ತು ಮುಳುಗುವ ಸಮಯಕ್ಕೆ ಕಟ್ಟೆಯ ಮೇಲೆ ನಿಂತು ಅವರನ್ನು ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು. ಆ ಹೊತ್ತಿಗೆ ಕರೆಹೊತ್ತು ಎನ್ನುತ್ತೇವೆ. ಕರೆದ ದನಿ ಕೇಳಿ, ಮನೆ ಯಾವ ದಿಕ್ಕಿಗಿದೆ ಎಂದು ಅವರಿಗೆ ತಿಳಿಯುತ್ತದಂತೆ. ಒಂದು ಸಂಜೆ ತಪ್ಪಿದರೆ ಅವರು ಬಂದಷ್ಟು ದಾರಿಯನ್ನೆಲ್ಲ ಮರೆತುಬಿಡುತ್ತಾರಂತೆ. ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿರಿ. ನಾನು ಒಂದು ಸಂಜೆಯೂ ತಪ್ಪಿಸಿಲ್ಲ. ಜ್ವರ ಬಂದಾಗ ತೆವಳಿಕೊಂಡು ಹತ್ತಿದ್ದೇನೆ. ಉಳಿದವರು ಈ ಒಡಕು ಕಟ್ಟೆಯನ್ನು ಬಿಟ್ಟು ಬೇರೆ ಬೇರೆ ಕಡೆ ಚದುರಿದರು. ನನ್ನನ್ನೂ ಕರೆದರು. ಅವಳು ಬಂದಾಗ ಇಲ್ಲಿ ಯಾರೂ ಇಲ್ಲದಿದ್ದರೆ ಹೇಗೆ ಎಂದು ನಾನು ಹೋಗಲಿಲ್ಲ.

ಹೀಗೆ ತಗ್ಗಿನಕಟ್ಟೆಯಲ್ಲಿ ಉಳಿದದ್ದು ನಾನೊಬ್ಬಳೇ. ಕಟ್ಟೆ ಒಡೆದರೂ ಕಲ್ಲು ಒಡೆಯುವುದಿಲ್ಲವಲ್ಲ. ಬೆಳವಲ ಕಾಯಿಯಷ್ಟರ ಆ ಕಲ್ಲಿಗೆ ಈಗ ನಾನೇ ಒಪ್ಪಾಳು. ಮೇಲೆ ಕೆಂಗಲ್ಲುಕಟ್ಟೆಯಲ್ಲಿ ಯಾರೂ ಇಲ್ಲ. ಆ ದೊಡ್ಡ ಕಲ್ಲು ಇನ್ನು ಎಂದೆಂದಿಗೂ ಮೂಕವೇ, ಗಾದಿಯ ಮೇಲೆ ಯಾರು ಕೂತಿದ್ದರೂ ಅವರಿಗೇ. ಈ ಸಲ ಹುಸೇನವ್ವ ಮತ್ತೆ ನಿಂತಿದ್ದಾರೆ. ಮುದುಕಿಯಾಗಿದ್ದಾರೆ, ಮಾತು ಮರೆಯುತ್ತಾರೆ. ಆದರೂ ಒಂದು ಮಾತನ್ನು ಮರೆಯದೆ ಹೇಳಿಕೊಂಡು ತಿರುಗುತ್ತಿದ್ದಾರೆ: ಕಲ್ಲುಗಳನ್ನು ಈಗಿನ ತಲೆಗಳಿಗೆ ತಕ್ಕಂತೆ ಕಡೆಯಬೇಕು, ಒಪ್ಪದವರ ಕಟ್ಟೆಗೆ ಹೋಗಿ ಕೂತು ಒಪ್ಪಿಸುತ್ತೇನೆ ಎಂದು. ದೊಡ್ಡ ಮೂಕಕಲ್ಲಿನ ಎದುರಿಗೆ ಈ ಸಲ ಉಳಿದ ಕಟ್ಟೆಗಳು ಹಟ ಹಿಡಿದು ಒಂದಾಗಿವೆ. ಲೆಕ್ಕ ಹಾಕಿದವರು ಹೇಳುತ್ತಾರೆ, ಕಡೆಗೆ ನನ್ನ ಸಣ್ಣ ಕಲ್ಲಿನಷ್ಟೇ ಅಂತರ ಉಳಿಯುತ್ತದೆ ಎಂದು. ಎಲ್ಲರೂ ಮುಳುಗಿದ ಮೇಲೆ ನಮ್ಮ ಕಟ್ಟೆಗೆ ಇಷ್ಟು ಮರ್ಯಾದೆ ಬಂದಿದೆ.

ಹೋಗದಿದ್ದರೆ ನನ್ನ ಕಲ್ಲೂ ಮೂಕವಾಗುತ್ತದೆ. ಇನ್ನೊಂದು ಕಟ್ಟೆಯ ಮೂಡಣ ಮಗ್ಗುಲಿನಲ್ಲಿ ಇನ್ನೊಬ್ಬಳ ಮಗಳು ಇರುತ್ತಾಳೆ. ಹೋದರೆ ಹೊಸ್ತಿಲು ದಾಟಿದಾಗಿನಿಂದ ನಾನು ಬಾಯಿ ತೆರೆಯುವಂತಿಲ್ಲ, ಕರೆಯುವುದಕ್ಕೂ ಇಲ್ಲ. ಕಲ್ಲಿನ ಮುಂದೆ ನನಗೆ ಒಂದೇ ಹೆಸರು ಹೇಳುವ ಹಕ್ಕಿದೆ. ಅಲ್ಲಿ ನಿಂತಾಗ ಯಾವ ಹೆಸರು ನಾಲಗೆಗೆ ಬರುತ್ತದೋ ಎಂದು ನನಗೆ ಭಯವಿದೆ. ಇಷ್ಟು ಸಂಜೆಗಳಿಂದ ಈ ನಾಲಗೆಗೆ ಒಂದೇ ಹೆಸರು ರೂಢಿಯಾಗಿದೆ. ಆದರೂ ಹುಸೇನವ್ವ ಎಂದೇ ಹೇಳುತ್ತೇನೆ. ದಾರಿಯುದ್ದಕ್ಕೂ ಅರಿವೆಯೊಳಗೆ ನಾಲಗೆಯನ್ನು ಹಲ್ಲಿನ ಹಿಂದೆ ಆಡಿಸಿ ನೋಡಿಕೊಳ್ಳುತ್ತ ಹೋಗುತ್ತೇನೆ, ಇದೆಯೋ ಇಲ್ಲವೋ ಎಂದು.

ಹಿರಿಯರೇ, ನೀವು ಇನ್ನೂ ಕೆಳಗಿನ ಪದರದಲ್ಲಿದ್ದೀರಿ, ನಿಮ್ಮ ಮಣ್ಣು ಇನ್ನೂ ಹಸಿಯಿದೆ, ತಿದ್ದಲು ಬರುತ್ತದೆ. ಯಾವ ಕಟ್ಟಳೆ ಮಾಡಿದರೂ, ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಮುಂದೆ ಬರುವವರು ಅದನ್ನು ತಿರುಗಿ ಕಡೆಯುವಂತೆ ಒಂದು ಉಳಿ ಬಿಟ್ಟುಹೋಗಿರಿ. ಒಬ್ಬ ಮುದುಕಿ ಎಲ್ಲರ ಎದುರಿಗೆ ಕೈಯೆತ್ತಿ ತೋರಿಸಿದರೆ, ಅದು ಎಡಗೈಯೆಂದು ನೋಡಬೇಡಿರಿ. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು, ನೊಂದವಳು, ಹೇಳಿದೆ.

ನಾನು ಕೇಳುತ್ತೇನೆಂದ ಉಪಕಾರ ಇದು. ನಾಳೆಯಿಂದ ಇಲ್ಲಿ ಸಂಜೆ ಕರೆಯುವವರು ಯಾರೂ ಇರುವುದಿಲ್ಲ. ನೀರು ಮೇಲೆ ಹರಿಯುತ್ತದೆ, ಆದರೆ ಕಳೆದುಹೋದವರು ಕೆಳಗೆ ಹೂಳಿನ ಕಡೆಗೆ ಇಳಿಯುತ್ತಾರೆ ಎನ್ನುತ್ತಾರೆ. ಹಾಗಾದರೆ ಅವಳು ನನಗಿಂತ ನಿಮಗೇ ಹತ್ತಿರವಿದ್ದಾಳೆ. ಹೊತ್ತು ಮುಳುಗುವಾಗ ಮನೆಯ ಬಾಗಿಲಿಗೆ ಬಂದು, ಹೊಳೆ ಇರುವ ದಿಕ್ಕಿಗೆ ತಿರುಗಿ, ಒಂದು ಸಲ ಅವಳನ್ನು ಕರೆಯಿರಿ. ಮೆಲ್ಲಗೆ ಕರೆದರೆ ಅವಳಿಗೆ ಕೇಳಿಸುವುದಿಲ್ಲ. ದುಂಡವ್ವ ಎಂದು ಪೂರ್ತಿ ಹೆಸರು ಹಿಡಿದರೆ, ಬೈಯಲು ಕರೆಯುತ್ತಿದ್ದಾರೆಂದು ಅಡಗಿಕೊಳ್ಳುತ್ತಾಳೆ, ಚಿಕ್ಕಂದಿನಿಂದ ಹಾಗೇ. "ದುಂಡೀ, ರೊಟ್ಟಿ ಆರಾಕತ್ತಾವ, ಬಾರವ್ವಾ" ಎನ್ನಿರಿ.

ನಾನು ಕಲ್ಲಿನ ಮುಂದೆ ಆ ಇನ್ನೊಂದು ಹೆಸರು ಹೇಳಿ ತಿರುಗಿ ಬರುವ ತನಕ ನೀವು ಕರೆದರೆ ಸಾಕು. ಆಮೇಲೆ ನಾನೇ ಕರೆಯುತ್ತೇನೆ.

ನಿಮ್ಮ
ಬಾಳವ್ವ